ತೂಕ ಎತ್ತುವವರಿಗೆ ತಾಳ್ಮೆಯ ಪಾಠ

ಪಿ.ಯು.ಸಿ. ಮುಗಿಸಿ ಈಗಷ್ಟೇ ಡಿಗ್ರಿಗೆ ಸೇರಿದ ಹುಡುಗ. ಎತ್ತರ ಐದೂವರೆ ಅಡಿ, ತೂಕ 48 ಕಿಲೋ. ಗೆಳೆಯರ ಬಾಯಲ್ಲಿ ‘ಕಡ್ಡಿ ಪೈಲ್ವಾನ್’. ಆ ಮಾತು ಮನಸ್ಸಿಗೆ ನಾಟಿ ಜಿಮ್‌ಗೆ ಸೇರುತ್ತಾನೆ. ಪಕ್ಕದವನು ಎತ್ತಿದ ಭಾರವನ್ನೇ ತಾನೂ ಎತ್ತಲು ಹೋಗುತ್ತಾನೆ. ಮರುದಿನ ತಲೆ ಬಾಚಲು ಕೈ ಮೇಲೇಳುವುದಿಲ್ಲ. ಹೇಗೋ ಎರಡು ತಿಂಗಳು ಕಳೆಯುತ್ತವೆ. ತಕ್ಕಡಿ ಹತ್ತಿ ನೋಡಿದರೆ 49 ಕಿಲೋ! ‘ಇಷ್ಟೇನಾ?’ ಎಂಬ ನಿರಾಸೆ. ಇಲ್ಲಿಂದ ಅವನ ಮುಂದೆ ಮೂರು ದಾರಿಗಳು. ಒಂದು, ಜಿಮ್ ಬಿಟ್ಟುಬಿಡುವುದು. ಎರಡು, ಸಾವಿರಾರು ರೂಪಾಯಿ ಕೊಟ್ಟು ಪುಡಿಯ ಡಬ್ಬಿ ತರುವುದು. ಮೂರು, ಯಾರೋ ಗುಟ್ಟಾಗಿ ಕೊಡುವ ಸೂಜಿಗೆ ತೋಳು ಒಡ್ಡುವುದು.

ನಿಮ್ಮ ಮನೆಯಲ್ಲಿಯೂ ಇಂಥ ಮಗನೋ ತಮ್ಮನೋ ಇರಬಹುದು. ನೀವೇ ಆ ಹುಡುಗನಾಗಿರಬಹುದು. ಎರಡು ತಿಂಗಳಲ್ಲಿ ಒಂದು ಕಿಲೋ ಏರಿದ್ದು ಸೋಲಲ್ಲ, ಸ್ವಲ್ಪ ನಿಧಾನವಾದ ಆರಂಭ ಅಷ್ಟೆ. ಅದೇಕೆ ಎಂಬುದನ್ನು ಈ ವಾರ ತಿಳಿಯೋಣ.

ಮೊದಲು ಕಾರಣ ತಿಳಿಯಿರಿ

ತೆಳ್ಳಗಿರುವುದೆಲ್ಲ ಕಾಯಿಲೆಯಲ್ಲ. ಅಪ್ಪ, ಚಿಕ್ಕಪ್ಪ ಎಲ್ಲರೂ ಸಣಕಲಾಗಿದ್ದರೆ ಮಗನೂ ಹಾಗೇ ಇರುವುದು ಸಹಜ. ಆದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ 18.5ಕ್ಕಿಂತ ಕಡಿಮೆಯಿದ್ದರೆ ತೂಕ ಕಡಿಮೆ ಎಂದೇ ಅರ್ಥ. ಮೇಲೆ ಹೇಳಿದ ಹುಡುಗನ ಸಂಖ್ಯೆ 17. (ಈ ಲೆಕ್ಕ ವಯಸ್ಕರಿಗೆ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ವೈದ್ಯರ ಬಳಿ ಇರುವ ಬೆಳವಣಿಗೆಯ ಪಟ್ಟಿಯನ್ನೇ ನೋಡಬೇಕು.)

ಮೊದಲು ಸರಿಯಾಗಿದ್ದ ತೂಕ ಈಚೆಗೆ ಇಳಿಯುತ್ತಿದ್ದರೆ ಜಿಮ್‌ಗಿಂತ ಮೊದಲು ವೈದ್ಯರ ಬಳಿ ಹೋಗಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಅತಿಯಾದ ಬಾಯಾರಿಕೆ, ಮತ್ತೆಮತ್ತೆ ಮೂತ್ರವಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ. ಕೈನಡುಕ, ಎದೆಬಡಿತ, ಸೆಕೆ ತಾಳದಿರುವಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ. ಜಂತುಹುಳು, ದೀರ್ಘಕಾಲದ ಭೇದಿ ಕೂಡ ಉಂಡ ಅನ್ನವನ್ನು ಮೈಗೆ ಹತ್ತಗೊಡುವುದಿಲ್ಲ. ಇವು ಯಾವುವೂ ಭಾರ ಎತ್ತಿದರೆ ವಾಸಿಯಾಗುವುದಿಲ್ಲ.

ಆರಂಭದ ವಾರಗಳಲ್ಲಿ ಒಳಗೆ ನಡೆಯುವುದೇನು?

ಭಾರ ಎತ್ತಲು ಆರಂಭಿಸಿದ ಮೂರು ನಾಲ್ಕು ವಾರಗಳಲ್ಲೇ ಹಿಂದಿಗಿಂತ ಹೆಚ್ಚು ಎತ್ತಬಲ್ಲಿರಿ. ಆದರೆ ತೋಳಿನ ಸುತ್ತಳತೆ ಇದ್ದಷ್ಟೇ ಇರುತ್ತದೆ. ಇದೇನು ವಿಚಿತ್ರ? ಮೊದಲು ಕಲಿಯುವುದು ನರಮಂಡಲ. ಸ್ನಾಯುವಿನಲ್ಲಿ ಸಾವಿರಾರು ಎಳೆಗಳಿವೆ. ಅಭ್ಯಾಸವಿಲ್ಲದವನ ಮೆದುಳು ಅವುಗಳನ್ನೆಲ್ಲ ಒಟ್ಟಿಗೆ ದುಡಿಸಲಾರದು. ಸೈಕಲ್ ಕಲಿಯುವಾಗ ತೋಲನ ಸಿಕ್ಕಂತೆ, ಎಳೆಗಳನ್ನು ಒಂದುಗೂಡಿಸಿ ಎತ್ತುವುದನ್ನು ನರಗಳು ಕಲಿಯುತ್ತವೆ. ಆರಂಭದ ಬಲವೆಲ್ಲ ಬಹುಪಾಲು ಈ ಕಲಿಕೆಯ ಫಲ.

ಆನಂತರ ಸ್ನಾಯು ದಪ್ಪವಾಗುವ ಸರದಿ. ಒಂದು ದಿನದ ವ್ಯಾಯಾಮದ ನಂತರ ಸುಮಾರು 24ರಿಂದ 48 ಗಂಟೆಗಳವರೆಗೆ ಸ್ನಾಯು ಹೊಸ ಪ್ರೋಟೀನನ್ನು ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ದಿನಕ್ಕೆ ಒಂದಿಷ್ಟೇ ಇಟ್ಟಿಗೆ. ಕಣ್ಣಿಗೆ ಕಾಣುವ ಬದಲಾವಣೆಗೆ ಸಾಮಾನ್ಯವಾಗಿ ಎರಡು, ಮೂರು ತಿಂಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಬಲಿಯುವುದು ಇನ್ನೂ ನಿಧಾನ. ಇದನ್ನು ಮರೆಯಬೇಡಿ. ‘ನನ್ನ ತೋಳಿಗೆ ಶಕ್ತಿಯಿದೆ’ ಎಂದು ಆತುರದಿಂದ ಭಾರ ಏರಿಸಿದರೆ ಭುಜ, ಮೊಣಕೈ, ಮೊಣಕಾಲುಗಳಲ್ಲಿ ನೋವು ಹಿಡಿಯುವುದು ಇದರಿಂದಲೇ.

ಎಷ್ಟು ಭಾರ? ಎಷ್ಟು ಬೇಗ?

ಪ್ರಾಚೀನ ಗ್ರೀಸಿನ ಕುಸ್ತಿಪಟು ಮಿಲೋ ಪ್ರತಿದಿನ ಒಂದು ಕರುವನ್ನು ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾದ ಎಂಬುದು ಕತೆ. ಕತೆ ಹೇಗಾದರೂ ಇರಲಿ, ತತ್ವ ಸರಿ. ಇದನ್ನು ವೈದ್ಯಶಾಸ್ತ್ರಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟಾದ ಸೈನಿಕರಿಗೆ ಹಂತಹಂತವಾಗಿ ಭಾರ ಏರಿಸುವ ವ್ಯಾಯಾಮ ಕೊಟ್ಟು, 1945ರಲ್ಲಿ ಆ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ಎಲ್ಲ ಜಿಮ್‌ಗಳ ಮೂಲಸೂತ್ರ ಇದೇ. ನಮ್ಮಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹಲವರಿಗೆ ಅಂಗಸಾಧನೆ ಕಲಿಸಿದವರು ಎಂಬುದನ್ನು ಹಿರಿಯ ಓದುಗರು ಬಲ್ಲರು.

ಹೊಸಬರಿಗೆ ವಾರಕ್ಕೆ ಮೂರು ದಿನ ಸಾಕು. ನಡುವೆ ಒಂದೊಂದು ದಿನ ಬಿಡುವಿರಲಿ. ಹೆಗಲ ಮೇಲೆ ರಾಡು ಹೊತ್ತು ಬಸ್ಕಿ ಹೊಡೆಯುವ ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ಮೇಲಕ್ಕೆ ತಳ್ಳುವುದು, ನಿಂತು ತಲೆಯ ಮೇಲಕ್ಕೆ ಎತ್ತುವುದು, ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಇವು ಮುಖ್ಯವಾದ ನಾಲ್ಕು. ದಿನಕ್ಕೆ ಮೂರನ್ನು ಮಾಡಿ. ಒಂದೊಂದನ್ನೂ ಐದರಿಂದ ಎಂಟು ಬಾರಿಯಂತೆ ಮೂರು ಸುತ್ತು. ಡೆಡ್‌ಲಿಫ್ಟ್ ಒಂದೆರಡು ಸುತ್ತಾದರೆ ಸಾಕು.

ಪ್ಲೇಟಿಲ್ಲದ ದೊಡ್ಡ ರಾಡಿನದೇ ತೂಕ 20 ಕಿಲೋ. ಮೊದಲ ವಾರ ಬರಿಯ ರಾಡಿನಿಂದ ಬಸ್ಕಿ ಕಲಿಯಿರಿ. ಅದೂ ಭಾರವೆನಿಸಿದರೆ ಇನ್ನೂ ಹಗುರವಾದ ರಾಡು ಹಿಡಿಯಿರಿ. ನಾಚಿಕೆ ಬೇಡ. ನಂತರ ವಾರಕ್ಕೆ ಎರಡೂವರೆ ಕಿಲೋ ಏರಿಸಿ. ಅಂದರೆ ಎರಡು ಬದಿಗೂ ಒಂದೂಕಾಲು ಕಿಲೋ ಪ್ಲೇಟು. ಹೀಗೆ ಹನ್ನೆರಡು ಬಾರಿ ಏರಿಸಿದರೆ ಮೂರು ತಿಂಗಳಿಗೆ 50 ಕಿಲೋ! 48 ಕಿಲೋ ಹುಡುಗ ತನ್ನ ಮೈತೂಕಕ್ಕಿಂತ ಹೆಚ್ಚು ಹೊತ್ತು ಕೂತು ಏಳುತ್ತಾನೆ. ಚೆನ್ನಾಗಿ ಉಣ್ಣುವ, ನುರಿತ ಗುರುವಿರುವ ಕೆಲವರು ಇದಕ್ಕಿಂತ ಬೇಗ ಏರಿಸಬಲ್ಲರು. ಆದರೆ ಮನೆಯೂಟ, ಪರೀಕ್ಷೆ, ಬಸ್ಸಿನ ಓಡಾಟ ಎಲ್ಲವನ್ನೂ ತೂಗಿಸುವವನಿಗೆ ಈ ನಡಿಗೆಯೇ ಕ್ಷೇಮ. ತೋಳು, ಎದೆಯ ವ್ಯಾಯಾಮಗಳಲ್ಲಿ ಏರಿಕೆ ಇನ್ನೂ ನಿಧಾನ, ಎರಡು ವಾರಕ್ಕೊಮ್ಮೆ ಏರಿದರೂ ಸರಿಯೆ.

ಒಂದು ದಿನ ಭಾರ ಮೇಲೇಳುವುದಿಲ್ಲ. ಎಲ್ಲರಿಗೂ ಆ ದಿನ ಬರುತ್ತದೆ. ಮೂರು ಸಲವೂ ಅದೇ ಭಾರದಲ್ಲಿ ಸೋತರೆ ಹತ್ತರಲ್ಲಿ ಒಂದು ಭಾಗ ಇಳಿಸಿ, ಅಲ್ಲಿಂದ ಮತ್ತೆ ಏರಿ. ಇದನ್ನು ಹಿನ್ನಡೆ ಎಂದು ತಿಳಿಯಬೇಡಿ.

ತಕ್ಕಡಿಯನ್ನು ಓದುವ ಬಗೆ

ವಾರಕ್ಕೆ ಕಾಲು ಕಿಲೋ, ತಿಂಗಳಿಗೆ ಒಂದು ಕಿಲೋ ಏರಿದರೆ ತೆಳ್ಳಗಿನವನಿಗೆ ಅದು ಒಳ್ಳೆಯ ಏರಿಕೆ. ಇದಕ್ಕಿಂತ ಹೆಚ್ಚು ಬೇಗ ಏರಿದರೆ ಅದರಲ್ಲಿ ಹೆಚ್ಚಿನ ಪಾಲು ಕೊಬ್ಬು. 48 ಕಿಲೋ ಹುಡುಗ ಒಂದು ವರ್ಷದಲ್ಲಿ 55 ಕಿಲೋ ಮುಟ್ಟಿದರೆ ಬೆನ್ನು ತಟ್ಟಬೇಕು.

ಪ್ರತಿದಿನ ತೂಕ ನೋಡಿ ಕೊರಗಬೇಡಿ. ಉಪ್ಪು, ನೀರು, ಮಲವಿಸರ್ಜನೆಗೆ ತಕ್ಕಂತೆ ಒಂದೇ ದಿನದಲ್ಲಿ ಒಂದು ಕಿಲೋ ಹೆಚ್ಚು ಕಡಿಮೆಯಾಗಬಹುದು. ಮೊದಲ ಒಂದೆರಡು ವಾರ ತೂಕ ಬೇಗ ಏರಿದರೆ ಅದೂ ಹೆಚ್ಚಾಗಿ ಸ್ನಾಯುವಿನಲ್ಲಿ ಪಿಷ್ಟದೊಡನೆ ಸೇರಿಕೊಂಡ ನೀರು. ವಾರಕ್ಕೊಮ್ಮೆ ಬೆಳಿಗ್ಗೆ, ಶೌಚಕ್ಕೆ ಹೋಗಿಬಂದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎತ್ತಿದ ಭಾರವನ್ನೂ ಅದರಲ್ಲೇ ಬರೆಯಿರಿ. ತಿಂಗಳಿಗೊಮ್ಮೆ ಹೊಟ್ಟೆಯ ಸುತ್ತಳತೆ ತೆಗೆದುಕೊಳ್ಳಿ. ತೂಕದ ಜೊತೆ ಹೊಟ್ಟೆಯೂ ಸರಸರನೆ ಬೆಳೆಯುತ್ತಿದ್ದರೆ ಊಟ ಅತಿಯಾಯಿತು ಎಂದು ತಿಳಿಯಿರಿ.

ಭಾರತೀಯರಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದೊಡ್ಡದು ಎಂಬ ಮೈಕಟ್ಟು ಸಾಮಾನ್ಯ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ ಹೊಟ್ಟೆ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿ. ಅಂಥವರು ಭಾರ ಎತ್ತಲಿ, ಆದರೆ ತೂಕ ಏರಿಸಲು ಹೋಗಬಾರದು.

ಬಲಕ್ಕೂ ಗಾತ್ರಕ್ಕೂ ನೇರ ಲೆಕ್ಕವಿಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಬೆಳ್ಳಿ ಗೆದ್ದದ್ದು 56 ಕಿಲೋ ವಿಭಾಗದಲ್ಲಿ. ಎರಡು ಬಗೆಯಲ್ಲಿ ಅವರು ಎತ್ತಿದ ಒಟ್ಟು ಭಾರ 249 ಕಿಲೋ. ಅದರಲ್ಲಿ ಒಂದೇ ಎತ್ತಿಗೆ 138 ಕಿಲೋ, ಅಂದರೆ ಮೈತೂಕದ ಸುಮಾರು ಎರಡೂವರೆ ಪಟ್ಟು! ಅದು ವರ್ಷಗಟ್ಟಲೆ ದುಡಿದ ಫಲ.

ಅಡುಗೆಮನೆಯಲ್ಲೇ ಇದೆ

ತೂಕ ಏರಲು ದಿನಕ್ಕೆ 300ರಿಂದ 400 ಕ್ಯಾಲೊರಿ ಹೆಚ್ಚು ಬೇಕು. ಇದೇನು ಭಾರಿ ಊಟವಲ್ಲ. ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ ಇಷ್ಟಾದರೆ ಆಯಿತು. ತಿಂಗಳ ಕೊನೆಗೂ ತಕ್ಕಡಿ ಕದಲದಿದ್ದರೆ ಇದಕ್ಕೆ ಒಂದು ಲೋಟ ಹಾಲು ಸೇರಿಸಿ. ಒಮ್ಮೆಗೇ ಹೆಚ್ಚು ಉಣ್ಣಲಾಗದವರು ದಿನಕ್ಕೆ ಐದು ಬಾರಿ ತಿನ್ನಲಿ. ಬೆಳಗಿನ ತಿಂಡಿ ತಪ್ಪಿಸಿ ಕಾಲೇಜಿಗೆ ಓಡುವ ಅಭ್ಯಾಸವಂತೂ ನಿಲ್ಲಲಿ.

ಪ್ರೋಟೀನಿನ ವಿಷಯ. ಸಾಮಾನ್ಯರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಉಪಯೋಗವುಂಟು. 50 ಕಿಲೋ ಹುಡುಗನಿಗೆ 80 ಗ್ರಾಂ ಆಯಿತು. ಹೀಗೆ ಲೆಕ್ಕ ಹಾಕಿ:

* ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 350 ಗ್ರಾಂ: 27 ಗ್ರಾಂ
* ಹಾಲು ಅರ್ಧ ಲೀಟರ್: 16 ಗ್ರಾಂ
* ಮೊಟ್ಟೆ ಎರಡು: 12 ಗ್ರಾಂ
* ಬೇಳೆ, ಹುರುಳಿ, ಹೆಸರುಕಾಳು ಯಾವುದಾದರೂ 50 ಗ್ರಾಂ: 11 ಗ್ರಾಂ
* ಕಡಲೆಕಾಯಿ ಬೀಜ 40 ಗ್ರಾಂ: 10 ಗ್ರಾಂ
* ಮೊಸರು ಒಂದು ಬಟ್ಟಲು: 6 ಗ್ರಾಂ

ಒಟ್ಟು 82 ಗ್ರಾಂ. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ತುಣುಕನ್ನು ಪಲ್ಯಕ್ಕೆ ಹಾಕಿಕೊಂಡರೆ ಅಷ್ಟೇ ಸಿಗುತ್ತದೆ. ತಾಯಂದಿರಿಗೆ ಒಂದು ಮಾತು. ಸಾರಿನಲ್ಲಿ ತಿಳಿಯನ್ನಷ್ಟೇ ಬಡಿಸಬೇಡಿ, ತಳದ ಬೇಳೆಯನ್ನೂ ಸೌಟಿನಲ್ಲಿ ಎತ್ತಿ ಬಡಿಸಿ. ಮಗನಿಗೆ ಮಾತ್ರವಲ್ಲ, ಮಗಳಿಗೂ.

ನಿದ್ರೆಯೂ ಆಹಾರವಿದ್ದಂತೆ. ವಯಸ್ಕರಿಗೆ ಏಳೆಂಟು ಗಂಟೆ, ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ಬೇಕು. ರಾತ್ರಿ ಒಂದರವರೆಗೆ ಮೊಬೈಲು ಹಿಡಿದು, ಬೆಳಿಗ್ಗೆ ಐದಕ್ಕೆ ಜಿಮ್‌ಗೆ ಹೋದರೆ ಶ್ರಮ ವ್ಯರ್ಥ.

ಡಬ್ಬಿ, ಮಾತ್ರೆ, ಸೂಜಿ

ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ ವಿಷವೇನಲ್ಲ, ಮೂತ್ರಪಿಂಡ ಸರಿಯಿರುವವರಿಗೆ ಮಿತವಾಗಿ ತೊಂದರೆಯಿಲ್ಲ. ಆದರೆ ಮೇಲಿನ ಊಟ ಮಾಡುವವರಿಗೆ ಅದರ ಅಗತ್ಯವೂ ಇಲ್ಲ.

‘ಹದಿನೈದು ದಿನದಲ್ಲಿ ಐದು ಕಿಲೋ’ ಎಂದು ಮಾರುವ ಹೆಸರಿಲ್ಲದ ಪುಡಿ, ಮಾತ್ರೆಗಳಿಂದ ದೂರವಿರಿ. ಇಂಥ ಕೆಲವದರಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆಸಿರುವುದುಂಟು. ಹಸಿವು ಹೆಚ್ಚಿ, ಮೈಯಲ್ಲಿ ನೀರು ನಿಂತು, ಮುಖ ದುಂಡಗಾಗುತ್ತದೆ. ಮನೆಯವರು ‘ಮೈ ತುಂಬಿಕೊಂಡ’ ಎಂದು ಸಂತೋಷಪಡುತ್ತಾರೆ. ಒಳಗೆ ರಕ್ತದೊತ್ತಡ, ಸಕ್ಕರೆ ಏರಿ, ಮೂಳೆ ಟೊಳ್ಳಾಗಿ, ತೋಳು ತೊಡೆಗಳ ಸ್ನಾಯು ಕರಗುತ್ತಿರುತ್ತದೆ! ಬಹುದಿನ ತಿಂದವರು ಒಮ್ಮೆಗೇ ನಿಲ್ಲಿಸಿದರೂ ಅಪಾಯ. ವೈದ್ಯರಿಗೆ ತೋರಿಸಿಯೇ ನಿಲ್ಲಿಸಬೇಕು.

ಸ್ನಾಯು ಬೆಳೆಸುವ ಸೂಜಿಗಳು ಬೇರೆ ಬಗೆಯವು. ಅವು ಗಂಡುಹಾರ್ಮೋನಿನ ರೂಪಗಳು. ಅವುಗಳಿಂದ ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತವೆ, ಗಂಡಸಿಗೆ ಸ್ತನ ಬೆಳೆಯುತ್ತದೆ, ಹೃದಯ ಮತ್ತು ಯಕೃತ್ತಿಗೆ ಹಾನಿಯಾಗುತ್ತದೆ. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರವೇ ನಿಂತುಹೋಗಬಹುದು. ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬುದು ಮಾತ್ರ ತಪ್ಪು ನಂಬಿಕೆ. ಬಲ್ಲವರ ಕಣ್ಣೆದುರು ಹಗುರ ಭಾರದಿಂದ ಹದಿಹರೆಯದವರೂ ಕಲಿಯಬಹುದು.

ಹುಡುಗಿಯರಿಗೆ, ಹಿರಿಯರಿಗೆ

ಭಾರ ಎತ್ತಿದರೆ ಗಂಡಸರಂತೆ ಆಗುತ್ತೇವೆ ಎಂಬ ಭಯ ಹುಡುಗಿಯರಿಗೆ ಬೇಡ. ಅವರಲ್ಲಿ ಗಂಡುಹಾರ್ಮೋನು ತೀರ ಕಡಿಮೆ. ಬಲಿಯುವುದು ಸ್ನಾಯುವಿನ ಜೊತೆ ಮೂಳೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವಾಗ ಈ ಉಳಿತಾಯ ನೆರವಿಗೆ ಬರುತ್ತದೆ. ಹಿರಿಯರಿಗೂ ಕಾಲ ಮೀರಿಲ್ಲ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 90 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರು ಕಾಲಿನ ಭಾರದ ವ್ಯಾಯಾಮಕ್ಕೆ ಸೇರಿದರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು!

ಈ ಎಚ್ಚರಿಕೆಗಳಿರಲಿ

1. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಬೆನ್ನುಮೂಳೆಯ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

2. ಮೈ ಬಿಸಿಯಾಗುವವರೆಗೆ ಹಗುರ ಭಾರದಿಂದ ಎರಡು ಮೂರು ಸುತ್ತು ಮಾಡಿ. ಬೆನ್ನು ಬಾಗಿಸಿ ನೆಲದಿಂದ ಭಾರ ಎಳೆಯಬೇಡಿ.

3. ಬೆಂಚಿನ ಮೇಲೆ ಮಲಗಿ ರಾಡು ಎತ್ತುವಾಗ ತಲೆಯ ಬಳಿ ಒಬ್ಬರು ನಿಂತಿರಲೇಬೇಕು.

4. ವ್ಯಾಯಾಮದ ಮರುದಿನ, ಮೂರನೆಯ ದಿನ ಮೈಕೈ ನೋವು ಸಹಜ. ಆದರೆ ಕೀಲಿನ ಒಳಗೆ ಚುಚ್ಚುವ ನೋವು ಸಹಜವಲ್ಲ. ಅತಿಯಾದ ನೋವು, ಬಾವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ದ್ರವ್ಯ ಮೂತ್ರಪಿಂಡಕ್ಕೆ ಹಾನಿ ಮಾಡುವ ಸೂಚನೆ ಅದು. ಮೊದಲ ವಾರದ ಹುಮ್ಮಸ್ಸಿನಲ್ಲೇ ಹೀಗಾಗುವುದುಂಟು.

5. ಎದೆನೋವು, ತಲೆಸುತ್ತು, ವಿಪರೀತ ಉಬ್ಬಸ ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಜಿಮ್‌ಗೂ ಸಲ್ಲುತ್ತದೆ. ಮೂರು ತಿಂಗಳವರೆಗೆ ಕನ್ನಡಿಯನ್ನು ಕೇಳಬೇಡಿ, ನಿಮ್ಮ ನೋಟ್‌ಬುಕ್ಕನ್ನು ಕೇಳಿ. ಮೊದಲ ಪುಟದಲ್ಲಿ 20 ಎಂದು ಬರೆದವರು ಹನ್ನೆರಡನೆಯ ಪುಟದಲ್ಲಿ 45 ಎಂದೋ 50 ಎಂದೋ ಬರೆದಿದ್ದರೆ ದೇಹ ತನ್ನ ಕೆಲಸ ಮಾಡುತ್ತಿದೆ. ನೀವು ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಮುಂದಿನ ವಾರ ಇನ್ನೊಂದು ಜೊತೆ ಪುಟ್ಟ ಪ್ಲೇಟು ಸೇರಿಸಿದರೆ ಸಾಕು.