ಮೈದುಂಬಿದ ಮಕ್ಕಳು : ಒಂದು ವಿಚಾರ

ನಮ್ಮ ಮಲೆನಾಡಿನ ಮನೆಗಳಿಗೆ ನೆಂಟರು ಬಂದಾಗ ಮಗುವನ್ನು ಕಂಡು ಆಡುವ ಮೊದಲ ಮಾತು ಎರಡೇ ಬಗೆಯದು. ‘ಬಡಕಲಾಗಿದೆಯಲ್ಲ, ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೇ?’ ಎಂಬುದೊಂದು, ‘ಮೈಕೈ ತುಂಬಿಕೊಂಡು ಲಕ್ಷಣವಾಗಿದೆ’ ಎಂಬುದು ಮತ್ತೊಂದು. ಮೊದಲನೆಯದು ತಾಯಿಗೆ ನಿಂದೆ, ಎರಡನೆಯದು ಪ್ರಶಂಸೆ. ಹಸಿವನ್ನು ಕಂಡುಂಡ ನಾಡಿನಲ್ಲಿ ಹುಟ್ಟಿದ ಮಾತುಗಳಿವು, ಇವನ್ನು ಹಳಿಯಲಾಗದು. ಆದರೆ ಮೈದುಂಬುವುದು ಬೇರೆ, ಬೊಜ್ಜು ಬೆಳೆಯುವುದು ಬೇರೆ. ಈ ಎರಡರ ಅಂತರವನ್ನು ಅರಿಯದೆ ಹೋದರೆ ಮುದ್ದೇ ಮುಳುವಾದೀತು.

ಈ ವಿಚಾರ ನಮ್ಮ ಪೂರ್ವಿಕರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡನ್ನೂ ವಿವೇಚಿಸುತ್ತದೆ. ಸ್ಥೌಲ್ಯಕ್ಕೆ ಅಲ್ಲಿ ಹೇಳಿರುವ ಕಾರಣಗಳು ಗಮನಾರ್ಹ: ಅತಿಯಾದ ಊಟ, ಸಿಹಿ ಮತ್ತು ಜಿಡ್ಡಿನ ಪದಾರ್ಥ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಇವುಗಳೊಡನೆ ‘ಬೀಜಸ್ವಭಾವ’, ಎಂದರೆ ವಂಶದಿಂದ ಬಂದ ಗುಣ. ಇಂದಿನ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಸ್ಥೂಲರಿಗೆ ಹೊಟ್ಟೆ ತುಂಬಿಸಬೇಕು, ಆದರೆ ಮೈ ಬೆಳೆಸದ ಆಹಾರ ಕೊಡಬೇಕು ಎಂಬುದು ಚರಕನ ಚಿಕಿತ್ಸಾಸೂತ್ರ. ನಾರುಳ್ಳ ಸೊಪ್ಪು, ತರಕಾರಿ, ಕಾಳುಗಳನ್ನು ಇಂದು ಹೆಚ್ಚಾಗಿ ತಿನ್ನಿರೆಂದು ಹೇಳುವುದರ ಅಭಿಪ್ರಾಯವೂ ಇದೇ. ಮಕ್ಕಳನ್ನು ಉಪವಾಸ ಕೆಡವಿರೆಂದು ಇಂದಿನ ವೈದ್ಯರು ಹೇಳುತ್ತಿಲ್ಲ.

ಬೊಜ್ಜನ್ನು ಕಣ್ಣಳತೆಯಿಂದ ನಿರ್ಣಯಿಸಬಾರದು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಹತ್ತು ವರ್ಷದ ಹುಡುಗನ ಎತ್ತರ 1.40 ಮೀಟರ್, ತೂಕ 40 ಕಿಲೋ ಎನ್ನೋಣ, 40ನ್ನು 1.96ರಿಂದ ಭಾಗಿಸಿದರೆ 20.4. ವಯಸ್ಕನಿಗೆ ಇದು ಆರೋಗ್ಯದ ಸಂಖ್ಯೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಂತೆ ಆ ವಯಸ್ಸಿನ ಹುಡುಗರ ನಡುಮಟ್ಟ 16.4, 18.5 ದಾಟಿದರೆ ಅಧಿಕ ತೂಕ, 21.4 ದಾಟಿದರೆ ಬೊಜ್ಜು. ಆದುದರಿಂದ ಮಕ್ಕಳ ಲೆಕ್ಕವನ್ನು ಅವರವರ ವಯಸ್ಸಿನ ಕೋಷ್ಟಕದಲ್ಲಿಯೇ ನೋಡಬೇಕು.

ನಮ್ಮ ನಾಡಿನ ಮಕ್ಕಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ಅಳತೆಯನ್ನು ಬರೆದಿಟ್ಟ ದಾಖಲೆಗಳಿವೆ. 1997–98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನೂ ಮುಂದೆ ಅವರ ಮಕ್ಕಳನ್ನೂ ವರ್ಷಗಟ್ಟಲೆ ಅಭ್ಯಸಿಸಲಾಯಿತು. ಅಲ್ಲಿಯ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆ; ಆದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟು ಕಡಿಮೆಯಿರಲಿಲ್ಲ. ಕಡಿಮೆಯಾಗಿದ್ದುದು ಮಾಂಸಖಂಡ. ಬಡಕಲೆಂದು ಕಂಡ ಕೂಸಿನಲ್ಲಿಯೂ ಕೊಬ್ಬು ಅಡಗಿರಬಹುದೆಂಬುದು ಇದರ ತಾತ್ಪರ್ಯ. ಅಂಥ ಕೂಸಿಗೆ ‘ಮೈ ಹಿಡಿಯಲಿ’ ಎಂದು ತುಪ್ಪ ಸಕ್ಕರೆಗಳನ್ನು ತುರುಕಿದರೆ ಬೆಳೆಯುವುದು ಯಾವುದೆಂಬುದನ್ನು ವಾಚಕರೇ ಊಹಿಸಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ವಯಸ್ಸಿನವರಲ್ಲಿ ಅಧಿಕ ತೂಕದವರು 2015–16ರ ಶೇಕಡ 2.1ರಿಂದ 3.4ಕ್ಕೆ ಏರಿದ್ದಾರೆ. ಕೊರತೆಯೂ ಅತಿಯೂ ಒಂದೇ ಕೇರಿಯಲ್ಲಿ ವಾಸವಾಗಿವೆ.

ಕೋಣಂದೂರಿನ ಸುತ್ತಲಿನ ಹಳ್ಳಿಗಳಿಂದ ಹಿಂದೆ ಮಕ್ಕಳು ಗದ್ದೆಯ ಅಂಚು ಹಿಡಿದು, ಸಂಕ ದಾಟಿ, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು ನಡೆದು ಬರುತ್ತಿದ್ದರು. ಆ ಕಷ್ಟ ಮರಳಲೆಂದು ನಾನು ಬಯಸುವವನಲ್ಲ. ಇಂದು ಮನೆಯ ದಣಪೆಯ ಬಳಿಗೇ ವ್ಯಾನು ಬರುತ್ತದೆ. ಸಂಜೆ ಮರಳಿದ ಮಗುವಿನ ಕೈಗೆ ಮೊಬೈಲು, ಮಡಿಲಿಗೆ ಕುರುಕಲಿನ ಪೊಟ್ಟಣ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು ಅಂಗಡಿಯ ಸಿಹಿ ಪಾನೀಯ: ಹಲವಕ್ಕೆ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ. 250 ಮಿಲಿಲೀಟರಿನ ಒಂದು ಬಾಟಲಿಯೆಂದರೆ ಐದು ಚಮಚ! ಶಾಲೆಯ ಒಳಗೂ ಬಾಗಿಲಿನಿಂದ 50 ಮೀಟರ್ ಸುತ್ತಲೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು 2020ರ ನಿಯಮವಿದೆ. ಪೇಟೆಯ ಅಂಗಡಿಸಾಲನ್ನು ನೋಡಿದವರಿಗೆ ನಿಯಮದ ಬಲ ಎಷ್ಟೆಂಬುದು ತಿಳಿದೀತು. ನಮ್ಮ ಒಂದೆಲಗದ ತಂಬುಳಿ, ಕಳಲೆ ಪಲ್ಯ, ಪತ್ರೊಡೆ, ನೀರುಮಜ್ಜಿಗೆಗಳಿಗೆ ಜಾಹೀರಾತಿಲ್ಲ.

ಪಂಕ್ತಿಯಲ್ಲಿ ಕುಳಿತಾಗ ಎಲೆಯಲ್ಲಿ ಏನನ್ನೂ ಬಿಡಬಾರದೆಂಬುದು ನಮ್ಮ ಸಂಪ್ರದಾಯ; ಅನ್ನಕ್ಕೆ ಸಲ್ಲಬೇಕಾದ ಗೌರವವದು. ಆದರೆ ಮಗು ಬೇಡವೆಂದರೂ ಬಡಿಸಿ, ಬಳಿಕ ಬಿಡಬಾರದೆಂದು ಗದರಿಸುವುದು ಸಂಪ್ರದಾಯವಲ್ಲ. ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಬಡಿಸಿದರಾಯಿತು.

ಈಗ ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಸಬೇಕಾಗಿದೆ. ಹಿಂದೊಮ್ಮೆ ಬೇರೊಂದು ಶಾಲೆಯಲ್ಲಿ ಬಹುವ್ರೀಹಿ ಸಮಾಸದ ಪಾಠ ಮಾಡುತ್ತಿದ್ದೆ. ‘ಲಂಬವಾದ ಉದರ ಯಾರಿಗೋ ಅವನು ಲಂಬೋದರ’ ಎಂದು ವಿಗ್ರಹವಾಕ್ಯ ಹೇಳುವಾಗ ನನ್ನ ಕೈ ಎರಡನೆಯ ಬೆಂಚಿನ ಹುಡುಗನೊಬ್ಬನತ್ತ ತಿರುಗಿತು. ತರಗತಿ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಅವನಿಗೆ ಅದೇ ಹೆಸರಾಯಿತು. ಅವನು ಆಟದ ಮೈದಾನಕ್ಕೆ ಹೋಗುವುದನ್ನು ಬಿಟ್ಟ, ಬುತ್ತಿಯನ್ನು ಗೋಡೆಗೆ ಮುಖಮಾಡಿ ಉಣ್ಣತೊಡಗಿದ. ಆಡಲೇಬೇಕಾದವನನ್ನು ಆಟದಿಂದ ಅಟ್ಟಿದವನು ನಾನು. ಆ ವರ್ಷ ಅವನ ತೂಕ ಇಳಿಯಲಿಲ್ಲ, ಏರಿತು.

ತಡವಾಗಿ ಅವನ ತಾಯಿಯನ್ನು ಕಂಡು ಕ್ಷಮೆ ಕೇಳಿದೆ. ವೈದ್ಯರಲ್ಲಿ ತೋರಿಸಿದಾಗ ಅವರು, ಬೆಳೆಯುವ ಹುಡುಗನ ತೂಕ ಇಳಿಸುವ ಅವಸರ ಬೇಡ, ತೂಕ ನಿಂತು ಎತ್ತರ ಏರಿದರೆ ಸಾಕು ಎಂದರಂತೆ. ಮನೆಯವರೆಲ್ಲರೂ ಬಾಟಲಿಯ ಪಾನೀಯ ತರುವುದನ್ನು ನಿಲ್ಲಿಸಿದರು. ಅವನೊಬ್ಬನಿಗೇ ಪಥ್ಯವೆಂದು ಮಾಡಲಿಲ್ಲ. ರಾತ್ರಿ ಬೇಗ ಮಲಗುವ ಕ್ರಮವಾಯಿತು. ಸಂಜೆ ಅವನು ತಂದೆಯೊಡನೆ ಅಡಿಕೆ ತೋಟಕ್ಕೆ ಹೋಗಿ ಬಿದ್ದ ಹಾಳೆಗಳನ್ನು ಒಟ್ಟುಮಾಡತೊಡಗಿದ. ಮರುವರ್ಷ ಕಬಡ್ಡಿಯ ತಂಡದಲ್ಲಿ ಅವನ ಹೆಸರಿತ್ತು. ಲಂಬೋದರ ಶಬ್ದಕ್ಕೆ ಬದಲಾಗಿ ಈಗ ನಾನು ‘ಮುಕ್ಕಣ್ಣ’ನನ್ನು ಉದಾಹರಣೆ ಕೊಡುತ್ತೇನೆ.