ಮಿಥ್ಯಾವಾಸ್ತವ ಮತ್ತು ಅದರ ಅಪಾಯಗಳು

ಪ್ರತ್ಯಕ್ಷವಾಗಿ ಕಂಡುದಕ್ಕಿಂತ ಬೇರೆ ಪ್ರಮಾಣವೇಕೆಂದು ನಮ್ಮ ಹಿರಿಯರು ಕೇಳುತ್ತಿದ್ದರು. ಆದರೆ ಕಣ್ಣಾರೆ ಕಂಡುದನ್ನೂ ನಂಬಲಾಗದ ಒಂದು ಯಂತ್ರ ಈಗ ಬಳಕೆಗೆ ಬಂದಿದೆ. ಅದನ್ನು ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ; ಕನ್ನಡದಲ್ಲಿ ಮಿಥ್ಯಾವಾಸ್ತವ ಎನ್ನಬಹುದು. ಕಣ್ಣುಗಳನ್ನು ಪೂರ್ಣವಾಗಿ ಮುಚ್ಚುವ ಸಾಧನವೊಂದನ್ನು ತಲೆಗೆ ಕಟ್ಟಿಕೊಂಡರೆ, ನಾವು ನಿಂತ ಕೊಠಡಿ ಮರೆಯಾಗಿ ಬೇರೊಂದು ಲೋಕ ಎದುರು ನಿಲ್ಲುತ್ತದೆ. ಜಾತ್ರೆಗಳಲ್ಲಿಯೂ ವಸ್ತುಪ್ರದರ್ಶನಗಳಲ್ಲಿಯೂ ಹಣ ತೆತ್ತು ಇದನ್ನು ನೋಡುವವರಿದ್ದಾರೆ. ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗತಕ್ಕವರು. ಶಾಲೆಗಳಿಗೆ ಈ ಸಾಧನ ಬಂದಾಗ ಮಕ್ಕಳ ತಲೆಗೆ ಅದನ್ನು ಕಟ್ಟುವ ಕೈಗಳು ನಮ್ಮವೇ ಆಗಿರುತ್ತವೆ. ಆದುದರಿಂದ ಅದರ ಅಪಾಯಗಳನ್ನು ಅರಿತಿರುವುದು ನಮ್ಮ ಕರ್ತವ್ಯವೆಂದು ತಿಳಿದು ಈ ಚಿಕ್ಕ ಲೇಖನವನ್ನು ಬರೆಯುತ್ತಿದ್ದೇನೆ.

ಇದರ ಮೂಲತತ್ತ್ವ ಹಳೆಯದು. ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವನ್ನು ಕೂಡಿಸಿ ಆಳವುಳ್ಳ ಒಂದೇ ದೃಶ್ಯವನ್ನಾಗಿ ಕಾಣುತ್ತದೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿಯೇ ತೋರಿಸಿಕೊಟ್ಟನು. ತಲೆ ಹೊರಳಿದಂತೆ ಚಿತ್ರವೂ ಹೊರಳುವ ಸಾಧನವನ್ನು ಅಮೆರಿಕದ ಐವನ್ ಸದರ್ಲೆಂಡ್ ೧೯೬೮ರಲ್ಲಿ ರಚಿಸಿದನು. ಅದನ್ನು ಛಾವಣಿಗೆ ಜೋಡಿಸಿ ತೂಗುಹಾಕಬೇಕಾಗಿತ್ತು. ಈಗಿನದು ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ.

ಮೊದಲನೆಯ ತೊಂದರೆ ತಲೆಸುತ್ತು ಮತ್ತು ವಾಕರಿಕೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಅವುಗಳ ಕೆಲಸ. ಆಗುಂಬೆಯ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವನಿಗೆ ಕಿವಿಯು ಚಲನೆಯಿದೆಯೆಂದೂ ಕಣ್ಣು ಇಲ್ಲವೆಂದೂ ಹೇಳುತ್ತವೆ. ಈ ವಿರೋಧದಿಂದಲೇ ವಾಂತಿ ಬರುವುದು. ಮಿಥ್ಯಾವಾಸ್ತವದಲ್ಲಿ ಇದು ತಿರುಗುಮುರುಗಾಗುತ್ತದೆ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ದೇಹ ಕುರ್ಚಿಯಲ್ಲಿ ಕುಳಿತಿರುತ್ತದೆ. ಒಂದು ವಸ್ತುಪ್ರದರ್ಶನದಲ್ಲಿ ನಾನು ಹತ್ತು ನಿಮಿಷ ಇದನ್ನು ಧರಿಸಿದ್ದೆ. ತೆಗೆದ ಮೇಲೂ ಬಹಳ ಹೊತ್ತು ನೆಲ ತೂಗಾಡಿದಂತೆ ತೋರುತ್ತಿತ್ತು. ಅಮೆರಿಕದಲ್ಲಿ ಹೆಲಿಕಾಪ್ಟರ್ ತರಬೇತಿಗೆಂದು ನಿರ್ಮಿಸಿದ ಕೃತಕ ಯಂತ್ರದಲ್ಲಿ ಈ ಬಾಧೆ ೧೯೫೭ರಲ್ಲಿಯೇ ವರದಿಯಾಗಿತ್ತು. ಅಲ್ಲಿ ಹೊಸಬರಿಗಿಂತ ಅನುಭವಿಗಳಾದ ಬೋಧಕರೇ ಹೆಚ್ಚು ಬಳಲಿದರೆಂಬುದು ಗಮನಾರ್ಹ. ನಿಜವಾದ ಹಾರಾಟದಲ್ಲಿ ಯಾವ ಚಲನೆ ಬರಬೇಕೆಂದು ಅವರ ದೇಹಕ್ಕೆ ಗೊತ್ತಿತ್ತು, ಅದು ಬರಲಿಲ್ಲ.

ಎರಡನೆಯದು ಕಣ್ಣಿನ ಆಯಾಸ. ಬೆರಳನ್ನು ಮೂಗಿನ ಹತ್ತಿರ ತಂದು ನೋಡಿರಿ. ಎರಡು ಕಣ್ಣುಗಳೂ ಒಳಕ್ಕೆ ತಿರುಗುತ್ತವೆ. ಅದರೊಂದಿಗೆ ಕಣ್ಣಿನ ಮಸೂರವೂ ಉಬ್ಬುತ್ತದೆ. ಈ ಎರಡು ಕೆಲಸಗಳು ಜೋಡೆತ್ತುಗಳಂತೆ ಒಟ್ಟಿಗೆ ನಡೆಯತಕ್ಕವು. ಆದರೆ ಇಂದಿನ ಸಾಮಾನ್ಯ ಸಾಧನಗಳಲ್ಲಿ ಮಸೂರ ಹೊಂದಿಕೊಳ್ಳಬೇಕಾದ ದೂರ ಸ್ಥಿರವಾಗಿರುತ್ತದೆ, ಕಣ್ಣುಗಳು ತಿರುಗಬೇಕಾದ ಕೋನ ಮಾತ್ರ ದೃಶ್ಯದಂತೆ ಬದಲಾಗುತ್ತದೆ. ಒಂದೆತ್ತು ನಿಂತು ಇನ್ನೊಂದು ನಡೆದರೆ ನೊಗಕ್ಕೆ ಏನಾಗುವುದೋ ಅದೇ ಇಲ್ಲಿಯೂ ಆಗುವುದು. ಇದರಿಂದ ಕಣ್ಣು ದಣಿಯುವುದೆಂದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಜನಪ್ರಿಯವಾದ ಒಂದು ಸಾಧನದಲ್ಲಿ ಮಸೂರಗಳ ನಡುವಣ ಅಂತರವನ್ನು ೫೮, ೬೩, ೬೮ ಮಿಲಿಮೀಟರು ಎಂಬ ಮೂರೇ ನೆಲೆಗಳಲ್ಲಿ ಇಡಬಹುದಾಗಿತ್ತು. ಚಿಕ್ಕ ಮಕ್ಕಳ ಕಣ್ಣುಗಳ ಅಂತರ ಇದಕ್ಕಿಂತ ಕಡಮೆ.

ಮೂರನೆಯದಾಗಿ, ಬೀಳುವ ಭಯ. ಮಯಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ಬಿದ್ದ ಕಥೆ ನಮಗೆಲ್ಲ ತಿಳಿದದ್ದೇ. ಅವನು ಕಣ್ಣು ತೆರೆದುಕೊಂಡೇ ಬಿದ್ದನು. ಇಲ್ಲಿಯಾದರೋ ಗೋಡೆ, ಮೇಜು, ಮೆಟ್ಟಿಲು ಒಂದೂ ಕಾಣವು. ಅಪಸ್ಮಾರದ ಪ್ರವೃತ್ತಿಯುಳ್ಳ ಕೆಲವರಿಗೆ ವೇಗವಾಗಿ ಮಿನುಗುವ ಬೆಳಕೂ ಅಪಾಯಕರ. ೧೯೯೭ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಕೆಂಪು ನೀಲಿ ಬೆಳಕು ಮಿನುಗಿದ ಒಂದು ದೂರದರ್ಶನ ಕಾರ್ಯಕ್ರಮವನ್ನು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ದೂರದರ್ಶನದಿಂದ ಮುಖ ತಿರುಗಿಸಬಹುದು. ಈ ಸಾಧನದಲ್ಲಿ ತಿರುಗಿದ ಕಡೆಯೆಲ್ಲ ಚಿತ್ರವೇ ಇರುತ್ತದೆ. ಅಲ್ಲದೆ, ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರ ಮುಖಕ್ಕೆ ಇದನ್ನು ಕಟ್ಟುವ ಜಾತ್ರೆಯ ಪದ್ಧತಿಯಿಂದ ಕಣ್ಣುಬೇನೆ ಹರಡಲು ಅವಕಾಶವಾಗುತ್ತದೆ.

ಮನಸ್ಸಿನ ಮೇಲಣ ಪರಿಣಾಮ ಇನ್ನೂ ಸೂಕ್ಷ್ಮವಾದುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನು ತಿಮಿಂಗಿಲಗಳೊಡನೆ ಈಜುತ್ತಿರುವಂತೆ ಈ ಸಾಧನದಲ್ಲಿ ಕಂಡ ಮಕ್ಕಳಲ್ಲಿ ಕೆಲವರು, ಕೆಲವು ದಿನಗಳ ತರುವಾಯ ಅದು ನಿಜವಾಗಿಯೂ ನಡೆಯಿತೆಂದು ನಂಬಿದ್ದರು. ಮಗುವಿನ ನೆನಪಿನಲ್ಲಿ ನಡೆಯದುದನ್ನು ನೆಡುವ ಶಕ್ತಿ ಈ ಯಂತ್ರಕ್ಕಿದೆಯೆಂದಾಯಿತು. ಇತಿಹಾಸದ ಪಾಠಕ್ಕೆ ಇದನ್ನು ಬಳಸುವಾಗ ಈ ಮಾತನ್ನು ಮರೆಯಬಾರದು. ಹಂಪೆಯ ಪಾಳುಗಳನ್ನು ಕಂಡ ಮಗು, ಅಲ್ಲಿ ಹಿಂದೆ ಏನಿದ್ದಿರಬಹುದೆಂದು ಪ್ರಶ್ನಿಸುತ್ತದೆ. ಚಿತ್ರಕಾರನೊಬ್ಬನು ಊಹಿಸಿ ಕಟ್ಟಿದ ಹಂಪೆಯೊಳಗೆ ನಡೆದಾಡಿದ ಮಗು, ತಾನೇ ಕಂಡಿದ್ದೇನೆ ಎನ್ನುತ್ತದೆ.

ಕೊನೆಯದು ಗುಟ್ಟಿನ ವಿಷಯ. ತಲೆ ಮತ್ತು ಕೈಗಳ ಚಲನೆಯನ್ನು ಅಳೆಯದೆ ಈ ಯಂತ್ರ ಕೆಲಸಮಾಡಲಾರದು. ಆದರೆ ನಡಿಗೆಯಂತೆ ಈ ಚಲನೆಯೂ ಒಬ್ಬೊಬ್ಬರದು ಒಂದೊಂದು ಬಗೆ. ೨೦೨೦ರ ಒಂದು ಪ್ರಯೋಗದಲ್ಲಿ, ಐದು ನಿಮಿಷಕ್ಕೂ ಕಡಮೆ ಅವಧಿಯ ಚಲನೆಯ ಅಳತೆಗಳಿಂದ ೫೧೧ ಜನರಲ್ಲಿ ಇಂಥವರೇ ಎಂದು ಶೇಕಡ ೯೫ರಷ್ಟು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಹೆಸರು ಹೇಳದಿದ್ದರೂ ಕತ್ತಿನ ಓಲಾಟವೇ ನಮ್ಮನ್ನು ಬಿಟ್ಟುಕೊಡುತ್ತದೆ!

ಹಾಗೆಂದು ಇದನ್ನು ತ್ಯಜಿಸಬೇಕೆಂದು ನನ್ನ ವಾದವಲ್ಲ. ಶಸ್ತ್ರವೈದ್ಯರ ಶಿಕ್ಷಣಕ್ಕೂ, ಎತ್ತರವನ್ನು ಕಂಡು ಅಂಜುವವರ ಚಿಕಿತ್ಸೆಗೂ ಇದು ನೆರವಾಗಿದೆ. ಬಳಸುವ ರೀತಿಯಲ್ಲಿ ವಿವೇಕವಿರಬೇಕು, ಅಷ್ಟೆ. ಕುಳಿತುಕೊಂಡೇ ನೋಡುವುದು; ಒಮ್ಮೆಗೆ ಹತ್ತು ನಿಮಿಷ ಮೀರದಿರುವುದು; ಪಕ್ಕದಲ್ಲಿ ಒಬ್ಬರು ಎಚ್ಚರವಾಗಿರುವುದು; ಪ್ರತಿಸಲವೂ ಒರೆಸಿ ಶುದ್ಧಗೊಳಿಸುವುದು; ಅಪಸ್ಮಾರವುಳ್ಳವರಿಗೆ ಮೊದಲೇ ಎಚ್ಚರಿಕೆ ಹೇಳುವುದು; ತಲೆ ತಿರುಗುತ್ತಿರುವಾಗ ವಾಹನ ನಡೆಸದಿರುವುದು; ಚಿಕ್ಕ ಮಕ್ಕಳಿಗೆ ಕೊಡದಿರುವುದು; ನೋಡಿದ ಮೇಲೆ, ಅದರಲ್ಲಿ ಯಾವುದು ಊಹೆ, ಯಾವುದು ಆಧಾರವುಳ್ಳದ್ದು ಎಂಬುದನ್ನು ತರಗತಿಯಲ್ಲಿ ಚರ್ಚಿಸುವುದು. ನಮ್ಮ ಕಾಲೇಜಿಗೆ ಈ ಸಾಧನವನ್ನು ತರಿಸುವ ದಿನ ಬಂದರೆ, ಅದರೊಡನೆ ಈ ನಿಯಮಗಳ ಹಲಗೆಯೊಂದನ್ನೂ ಬರೆಸಿ ಬಾಗಿಲಲ್ಲಿ ತೂಗುಹಾಕಬೇಕೆಂದು ಅಧ್ಯಾಪಕವರ್ಗದವರಲ್ಲಿ ನನ್ನ ವಿನಂತಿ.