ಮರೆಯೂ ಬೀಗವೂ

ವ್ಯಾಪಾರವೆಂದ ಮೇಲೆ ಲೆಕ್ಕಪತ್ರಗಳಿಲ್ಲದೆ ನಡೆಯದು. ಹಿಂದೆ ಗುಮಾಸ್ತರು ಕಿರ್ದಿ ಖಾತೆಗಳನ್ನು ತಿರುವಿ ಸಿದ್ಧಪಡಿಸುತ್ತಿದ್ದ ವರದಿಗಳನ್ನು ಇಂದು ಗಣಕಯಂತ್ರದ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಒದಗಿಸುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಸಾರ್ವಜನಿಕ ಬಳಕೆಗೆ ತಂದ ‘ಪವರ್ ಬಿಐ’ ಅಂತಹದೊಂದು ತಂತ್ರಾಂಶ. ಅದರಲ್ಲಿ ಕೆಲವು ಅಂಶಗಳನ್ನು ಬಳಕೆದಾರರ ಕಣ್ಣಿಗೆ ಬೀಳದಂತೆ ಮರೆಮಾಡುವ ಏರ್ಪಾಡುಂಟು. ಅದರ ಪ್ರಯೋಜನವೇನು, ಮಿತಿಯೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಪ್ರತಿಯೊಂದು ವರದಿಯ ಹಿಂದೆಯೂ ಒಂದು ದತ್ತಾಂಶ ಮಾದರಿ ಇರುತ್ತದೆ. ಮಾರಾಟ, ಗಿರಾಕಿ, ಸರಕು, ದಿನಾಂಕ ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಕೋಷ್ಟಕ. ಕೋಷ್ಟಕದಲ್ಲಿ ಹಲವು ಅಂಕಣಗಳು. ಕೋಷ್ಟಕಗಳನ್ನು ಒಂದಕ್ಕೊಂದು ಬೆಸೆಯಲು ಗುರುತಿನ ಸಂಖ್ಯೆಗಳು. ಇವೆಲ್ಲವೂ ಯಂತ್ರಕ್ಕೆ ಅವಶ್ಯ. ವರದಿ ಬರೆಯುವವನಿಗೆ ಎಲ್ಲವೂ ಬೇಕಿಲ್ಲ. ದತ್ತಾಂಶವು ಯಂತ್ರದೊಳಗೆ ಹೇಗೆ ಜೋಡಣೆಗೊಂಡಿದೆಯೆಂದು ಅರಿಯಬೇಕಾದ ಹೊರೆ ಬಳಕೆದಾರನ ಮೇಲೆ ಬೀಳಬಾರದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಷ್ಟು ಹಿಂದೆಯೇ ತಮ್ಮ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದ್ದರು.

ಒಂದು ಉದಾಹರಣೆಯನ್ನು ನೋಡೋಣ. ಅಂಗಡಿಯೊಂದರಲ್ಲಿ 200 ರೂಪಾಯಿ ದರದ 10 ಪಂಚೆಗಳೂ 300 ರೂಪಾಯಿ ದರದ 30 ಪಂಚೆಗಳೂ ಮಾರಾಟವಾದುವೆಂದು ಭಾವಿಸೋಣ. ಇವು ಮಾರಾಟದ ಕೋಷ್ಟಕದಲ್ಲಿ ಎರಡು ಸಾಲುಗಳು. ದರದ ಅಂಕಣವನ್ನು ಹಾಗೆಯೇ ವರದಿಗೆ ಎಳೆದುಕೊಂಡರೆ ತಂತ್ರಾಂಶವು ವಾಡಿಕೆಯಂತೆ ಎರಡನ್ನೂ ಕೂಡಿಸಿ 500 ಎಂದು ತೋರಿಸುತ್ತದೆ, ಅದಕ್ಕೆ ಅರ್ಥವಿಲ್ಲ. ಸರಾಸರಿ ಕೇಳಿದರೆ 250 ಎನ್ನುತ್ತದೆ, ಅದೂ ತಪ್ಪು. ಒಟ್ಟು ಬಂದ 11,000 ರೂಪಾಯಿಗಳನ್ನು 40 ಪಂಚೆಗಳಿಂದ ಭಾಗಿಸಿದಾಗ ದೊರೆಯುವ 275 ರೂಪಾಯಿಯೇ ನಿಜವಾದ ಸರಾಸರಿ ದರ. ಆದಕಾರಣ ಮಾದರಿಯನ್ನು ರಚಿಸುವವನು ಈ ಭಾಗಾಕಾರವನ್ನು ‘ಮೆಷರ್’ ಎಂಬ ಸೂತ್ರವಾಗಿ ಮೊದಲೇ ಬರೆದಿಟ್ಟು, ದರದ ಅಂಕಣವನ್ನು ಮರೆಮಾಡುತ್ತಾನೆ. ಮರೆಯಾದ ಅಂಕಣ ಅಳಿದುಹೋಗುವುದಿಲ್ಲ. ಸೂತ್ರಗಳಿಗೂ ಕೋಷ್ಟಕಗಳ ಬೆಸುಗೆಗೂ ಅದು ಮೊದಲಿನಂತೆಯೇ ಒದಗುತ್ತದೆ.

ಅಪಾಯವಿರುವುದೂ ಇಲ್ಲಿಯೇ. ನೌಕರರ ಸಂಬಳದ ಅಂಕಣವನ್ನು ಮರೆಮಾಡಿ, ಗುಟ್ಟು ಭದ್ರವಾಯಿತೆಂದು ನಿಶ್ಚಿಂತರಾಗಿರುವವರುಂಟು. ಆದರೆ ವರದಿಯ ಕಡತವನ್ನು ತೆರೆದು ತಿದ್ದಬಲ್ಲವನು ‘ಮರೆಯಾದುವನ್ನು ತೋರಿಸು’ ಎಂಬ ಆಯ್ಕೆಯನ್ನು ಒತ್ತಿದರೆ ಸಾಕು, ಆ ಅಂಕಣ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮಾದರಿಯನ್ನು ಬಳಸಿ ಹೊಸ ವರದಿ ರಚಿಸುವ ಅನುಮತಿ ಪಡೆದವನು ‘ಡ್ಯಾಕ್ಸ್’ ಭಾಷೆಯಲ್ಲಿ ಅಂಕಣದ ಹೆಸರು ಹಿಡಿದು ಕೇಳಿದರೂ ಉತ್ತರ ದೊರೆಯುತ್ತದೆ. ತೆರೆ ಇಳಿಬಿಟ್ಟ ಬಾಗಿಲಿಗೆ ಬೀಗವಿಲ್ಲವಷ್ಟೆ!

ಬೀಗಗಳು ಬೇರೆಯೇ ಇವೆ. ಸಾಲುಗಳ ಮೇಲಿನ ನಿರ್ಬಂಧವು ಒಬ್ಬೊಬ್ಬನಿಗೂ ಅವನಿಗೆ ಸಲ್ಲುವ ಸಾಲುಗಳನ್ನು ಮಾತ್ರ ಒದಗಿಸುತ್ತದೆ. ವಸ್ತುಗಳ ಮೇಲಿನ ನಿರ್ಬಂಧವು ಇಡೀ ಅಂಕಣವನ್ನೋ ಕೋಷ್ಟಕವನ್ನೋ ಅನುಮತಿಯಿಲ್ಲದವನ ಪಾಲಿಗೆ ಇಲ್ಲವೇ ಇಲ್ಲವೆಂಬಂತೆ ಮಾಡುತ್ತದೆ. ಹೆಸರು ಹೇಳಿ ಕೇಳಿದರೂ ಸಿಗದು. ಆದರೂ ಪವರ್ ಬಿಐಯಲ್ಲಿ ಈ ನಿರ್ಬಂಧಗಳು ನೋಡುವ ಅಧಿಕಾರ ಮಾತ್ರ ಉಳ್ಳವರಿಗೆ ತಗಲುತ್ತವೆಯೇ ಹೊರತು, ಆ ಕಾರ್ಯಕ್ಷೇತ್ರದಲ್ಲಿ ತಿದ್ದುವ ಅಧಿಕಾರವುಳ್ಳವರಿಗೆ ತಗಲುವುದಿಲ್ಲ.

ಆದುದರಿಂದ ಅಂಶವೊಂದನ್ನು ಮರೆಮಾಡುವ ಮುನ್ನ ಉದ್ದೇಶವನ್ನು ನಿರ್ಧರಿಸಿಕೊಳ್ಳಬೇಕು. ಗೊಂದಲ ತಪ್ಪಿಸಲು ಮರೆ ಸಾಕು. ಗುಟ್ಟು ಕಾಯಲು ನಿರ್ಬಂಧವೇ ಬೇಕು. ವರದಿಗೆ ಸಂಬಳದ ವಿವರವೇ ಬೇಡವಾಗಿದ್ದಲ್ಲಿ ಅದನ್ನು ಮಾದರಿಯೊಳಕ್ಕೆ ತಾರದಿರುವುದು ಎಲ್ಲಕ್ಕಿಂತಲೂ ಕ್ಷೇಮ.